ಹಾಡು ಕೇಳಲು ಹೊರಟ ಎಮ್ಮೆ

ನಮ್ಮ ಮನೆಯವರು ಎರಡು ದಿನ ಎಲ್ಲಿಗಾದರೂ ಹೋಗಬೇಕೆಂದರೆ ಮೊದಲು ಎಮ್ಮೆಯ ಒಪ್ಪಿಗೆ ಬೇಕು. ಐನಾಪುರದಲ್ಲಿ ನಮ್ಮದು ಒಂದೇ ಎಮ್ಮೆಯ ಮನೆ. ಆ ಎಮ್ಮೆ ನಮ್ಮ ಅತ್ತೆಯ ಕೈ ಬಿಟ್ಟು ಬೇರೆ ಯಾರ ಕೈಗೂ ಹಾಲು ಕೊಡುವುದಿಲ್ಲ ಎನ್ನುವುದು ನಾನು ಸೊಸೆಯಾಗಿ ಬಂದ ವರ್ಷದಿಂದ ಕೇಳುತ್ತ ಬಂದ ಮಾತು. ಹೀಗಾಗಿ ಈ ಹದಿನಾರು ವರ್ಷಗಳಲ್ಲಿ ಅತ್ತೆ ಒಂದು ರಾತ್ರಿಯೂ ಹೊರಗೆ ಮಲಗಿದವರಲ್ಲ. ಖಾಸಾ ತಂಗಿಯ ಮಗಳ ಮದುವೆಗೆ ಅಥಣಿಗೆ ಹೋದವರು ಅಕ್ಕಿಕಾಳು ಹಾಕಿ, ಊಟ ಮುಗಿಸಿ, ಸಂಜೆಯ ಹಾಲಿನ ಹೊತ್ತಿಗೆ ವಾಪಸು ಬಂದಿದ್ದರು. "ಎಮ್ಮಿ ಹೆಚ್ಚೋ ನಾವು ಹೆಚ್ಚೋ?" ಎಂದು ತಂಗಿ ಕೇಳಿದ್ದಕ್ಕೆ, "ಎಮ್ಮಿ" ಅಂದಿದ್ದರಂತೆ. ಹಾಲು ಬತ್ತಿದ ತಿಂಗಳುಗಳಲ್ಲಾದರೂ ಹೋಗಬಹುದಲ್ಲ ಎಂದರೆ, ಗಬ್ಬದ ಎಮ್ಮೆಯನ್ನು ಬಿಟ್ಟು ಹೋಗುವುದು ಹೇಗೆ ಎನ್ನುತ್ತಿದ್ದರು.

ಹೊಸತರಲ್ಲಿ ನಾನೂ ಒಮ್ಮೆ ಧೈರ್ಯ ಮಾಡಿ ಹಿಂಡಲು ಕೂತಿದ್ದೆ. ಎಮ್ಮೆ ಒದ್ದ ರಭಸಕ್ಕೆ ಬಕೀಟು ಗೋಡೆಗೆ ಬಡಿಯಿತು, ನಾನು ಸಗಣಿಯಲ್ಲಿ ಬಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಇನ್ನ ಈ ಎಮ್ಮಿ ತಂಟೇಕ ನಾ ಬರೂದಿಲ್ರಿ" ಎಂದು ಹೇಳಿ ಎದ್ದುಬಿಟ್ಟೆ. ಅತ್ತೆ, "ಬ್ಯಾಡ ಬಿಡವಾ, ಅದಕ ನನ್ನ ಕೈ ರೂಢಿ ಆಗೇತಿ" ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು. ನಾನು ಪ್ರಾಥಮಿಕ ಶಾಲೆಯ ಟೀಚರಮ್ಮ, ಗಂಡ ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ನೌಕರ. ಬೆಳಗಿನ ಗಡಿಬಿಡಿಯಲ್ಲಿ ನನ್ನ ಪಾಲಿಗೆ ಒಂದು ಕೆಲಸ ಕಡಿಮೆಯಾಯಿತಲ್ಲ ಎಂದು ಒಳಗೊಳಗೆ ಖುಷಿಯೇ ಆಗಿತ್ತು.

ದಿನಾ ಬೆಳಿಗ್ಗೆ ಐದೂವರೆಗೆ ಅತ್ತೆ ಕೊಟ್ಟಿಗೆಗೆ ಹೋಗಿ, ಮೊದಲು ಗೂಟಕ್ಕೆ ನೇತುಹಾಕಿದ ರೇಡಿಯೋ ಹಚ್ಚುತ್ತಾರೆ, ಆಮೇಲೆ ಕರು ಬಿಚ್ಚುತ್ತಾರೆ. ಆ ರೇಡಿಯೋದಲ್ಲಿ ಆಗಾಗ ಬೆಳಗಿನ ರಾಗ ಹಾಡುವ ಒಬ್ಬ ಹಿರಿಯ ಗಾಯಕಿಯ ದನಿ ಎಂದರೆ ಅವರಿಗೆ ಪಂಚಪ್ರಾಣ. ರಾಗದ ಹೆಸರು ಗೊತ್ತಿಲ್ಲ, ಗಾಯಕಿಯ ಹೆಸರು ಕೇಳಿದರೂ ನೆನಪಿಟ್ಟವರಲ್ಲ. "ದನಿ ಗುರ್ತ ಐತಿ, ಹೆಸರ ತಗೊಂಡ ಏನ ಮಾಡ್ಲಿ" ಎನ್ನುತ್ತಾರೆ. ಅವರ ದೂರು ಒಂದೇ. ಹಾಡು ಮೇಲೇರುವ ಹೊತ್ತಿಗೆ ಸರಿಯಾಗಿ ಡೇರಿಗೆ ಹಾಲು ಹಾಕುವ ಹೊತ್ತಾಗುತ್ತದೆ. ಒಂದು ಹಾಡನ್ನೂ ಕಡೆಯತನಕ ಕೇಳಿದ್ದಿಲ್ಲ.

ಹೋದ ವರ್ಷ, ಕಾರ್ಖಾನೆಯ ಸೀಸನ್ ಮುಗಿದ ಮೇಲೆ, ಎಂಟನೇ ತರಗತಿಯ ನನ್ನ ಮಗಳು ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದಳು. ನಿಪ್ಪಾಣಿಯ ಆಚೆ ಗುಡ್ಡದ ಮಗ್ಗುಲಿನ ಕಾಡಿನಲ್ಲಿ ಎರಡು ದಿನದ ಸಂಗೀತ. ಡೇರೆಯಲ್ಲಿ ಉಳಿಯುವುದು, ಮರದ ಕೆಳಗೆ ಕೂತು ಹಾಡು ಕೇಳುವುದು, ಮನೆ ಮಂದಿಯೆಲ್ಲ ಬರಬಹುದು. ಕೊಲ್ಲಾಪುರದ ಡ್ರಮ್ಮಿನ ತಂಡದವರು ಬರುತ್ತಾರೆ ಎನ್ನುವುದು ಮಗಳ ಆಸೆ. ಎರಡು ದಿನ ಒಲೆ ಹಚ್ಚುವಂತಿಲ್ಲ ಎನ್ನುವುದು ನನ್ನ ಆಸೆ. ಜಾಹೀರಾತಿನ ಕೊನೆಯಲ್ಲಿ ಎರಡನೇ ದಿನದ ಬೆಳಗಿನ ಗಾಯಕಿಯದೊಂದು ತುಣುಕು ಇತ್ತು. ಮಗಳು ಅದನ್ನು ಹಚ್ಚಿದಳು.

ಮೆಂತ್ಯೆ ಪಲ್ಲೆ ಸೋಸುತ್ತಿದ್ದ ಅತ್ತೆಯ ಕೈ ನಿಂತಿತು. "ಇಕಿ ನಮ್ಮ ಕೊಟಗ್ಯಾಗ ಹಾಡಾಕಿ" ಅಂದರು.

"ಹೌದೇನ್ ಆಯಿ? ಇಕಿನ ಬರಾಕಿ. ಮುಂಜಾನೆ ಐದಕ್ಕ ಹಾಡ್ತಾಳ" ಎಂದಳು ಮಗಳು ಅಜ್ಜಿಗೆ.

ಅತ್ತೆ ಮತ್ತೆ ಪಲ್ಲೆ ಕೈಗೆತ್ತಿಕೊಂಡರು. ನಮ್ಮ ಮುಖ ನೋಡದೆ, ಆ ಮೆಂತ್ಯೆಗೇ ಹೇಳಿದಂತೆ, "ಒಂದ ಸಲ ಅಕಿ ಎದರಿಗೆ ಕುಂತು ಮದಲಿಂದ ಕಡೀತನಕ ಕೇಳಬೇಕ ಅನಸ್ತೈತಿ" ಎಂದರು. ಸೀರೆ ಬೇಕು, ಔಷಧ ಬೇಕು, ಊರು ನೋಡಬೇಕು ಎಂದು ಬಾಯಿಬಿಟ್ಟು ಕೇಳಿದ ಹೆಂಗಸಲ್ಲ ಅದು. ಏನೇ ಆಗಲಿ, ಇವರನ್ನು ಆ ಹಾಡಿನ ಎದುರಿಗೆ ಕೂರಿಸಿಯೇ ಬಿಡುವುದೆಂದು ಅಲ್ಲೇ ತೀರ್ಮಾನ ಮಾಡಿದೆ.

ಆದರೆ ಎಮ್ಮೆ? ಅವತ್ತು ಊಟದ ಹೊತ್ತಿನಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡು ದಿನ ಹಾಲೆಲ್ಲ ಕರುವೇ ಕುಡಿಯಲಿ ಎಂದರು ನನ್ನ ಗಂಡ. ಕರು ಉಚ್ಚಿಕೊಂಡು ಸತ್ತರೆ ಯಾರು ಹೊಣೆ ಎಂದರು ಅತ್ತೆ. ಓಣಿಯವರನ್ನು ಕರೆಯೋಣ ಎಂದೆ ನಾನು. "ಅದು ಬ್ಯಾರೆ ಕೈಗೆ ಕೊಡೂದಿಲ್ಲ" ಎನ್ನುವ ಹಳೆಯ ಮಾತು ಬಂತು. ಫೋನಿನಲ್ಲಿ ಅರ್ಜಿ ತುಂಬುತ್ತ ಕೂತಿದ್ದ ಮಗಳು ನಡುವೆ ಬಾಯಿ ಹಾಕಿ, "ಪಪ್ಪಾ, ಸಾಕು ಪ್ರಾಣಿ ತರ್ತೀರೇನು ಅಂತ ಕೇಳ್ಯಾರ, ಏನ ಬರೀಲಿ?" ಎಂದಳು.

ನನ್ನ ಗಂಡ ಕಾರ್ಖಾನೆಯ ಮನುಷ್ಯ. ಬೋರ್ಡಿನ ಮೇಲೆ ಬರೆದದ್ದೇ ಅವರಿಗೆ ಕಾನೂನು. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ತರಬಹುದು ಅಂತ ಬರದಾರೇನು?" ಎಂದು ಕೇಳಿದರು. ಬರೆದಿದ್ದಾರೆ ಎಂದಳು. "ಹಂಗಾದ್ರ ಎಮ್ಮಿ ನಾವು ಸಾಕಿಲ್ಲೇನು? ಬರಿ, ಎರಡು. ಎಮ್ಮಿ ಒಂದು, ಕರ ಒಂದು." ಮಗಳು ಎರಡು ಎಂದಷ್ಟೇ ಬರೆದು ಕಳಿಸಿದಳು. ಮರುದಿನ ಉತ್ತರ ಬಂತು: ಸ್ವಾಗತ, ನಿಮ್ಮ ಪ್ರಾಣಿಗಳನ್ನು ಕಟ್ಟಿಹಾಕಿಕೊಂಡಿರಿ. "ಕಟ್ಟಾಕ ನಮ್ಮ ಹಂತ್ಯಾಕ ಹಗ್ಗ ಇಲ್ಲೇನು?" ಎಂದು ಗಂಡ ಗೆದ್ದ ಮುಖ ಮಾಡಿದರು. ಆ ಸಂಗೀತದವರು ಎಂಥ ಪ್ರಾಣಿಗೆ ಸ್ವಾಗತ ಹೇಳಿದ್ದಾರೆ ಎನ್ನುವುದು ನನಗೆ ಹೊಳೆಯದೆ ಇರಲಿಲ್ಲ. ಮಕ್ಕಳಿಗೆ ಪಾಠ ಹೇಳುವವಳು ನಾನು. ಆದರೆ ಆ ಹೊತ್ತಿನಲ್ಲಿ ಜಾಣತನ ತೋರಿಸಿದರೆ ಅತ್ತೆಯ ಹಾಡು ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡೆ.

ಹೊರಡುವ ದಿನ ಓಣಿಯವರೆಲ್ಲ ಕಟ್ಟೆಗೆ ಬಂದು ನಿಂತರು. ಪಿಕಪ್ ಗಾಡಿಯ ಹಿಂದೆ ಎಮ್ಮೆ, ಕರು, ಮೇವಿನ ಹೊರೆ, ಹಿಂಡಿಯ ಚೀಲ, ಇವುಗಳ ನಡುವೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ನನ್ನ ಗಂಡ. ಮುಂದೆ ಡ್ರೈವರನ ಪಕ್ಕ ನಾವು ಮೂರು ಜನ ಹೆಂಗಸರು, ತೊಡೆಯ ಮೇಲೆ ಸಜ್ಜೆ ರೊಟ್ಟಿಯ ಗಂಟು. ಕೃಷ್ಣೆಯ ಸೇತುವೆ ದಾಟಿ ರಾಯಬಾಗದಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯವನು, "ಯಾವ ಸಂತಿಗ್ರೀ?" ಎಂದು ಕೇಳಿದ. ಗಾಡಿಯ ಮೇಲಿಂದಲೇ ನನ್ನ ಗಂಡ, "ಸಂತಿಗಲ್ರಿ, ಹಾಡ ಕೇಳಾಕ ಹೊಂಟೀವಿ" ಅಂದರು. ಅವನು ಎಮ್ಮೆಯನ್ನೊಮ್ಮೆ ನೋಡಿದ, ಇವರನ್ನೊಮ್ಮೆ ನೋಡಿದ, ಚಹಾ ಸೋಸಲು ತಿರುಗಿದ. ಚಿಕ್ಕೋಡಿ ದಾಟುವತನಕ ಮಗಳು ಓಢಣಿಯಲ್ಲಿ ಮುಖ ಮುಚ್ಚಿಕೊಂಡೇ ಕೂತಿದ್ದಳು.

ಕಾಡಿನ ಬಾಗಿಲಲ್ಲಿ ಬಂದವರ ಕೈಗೆ ಬಣ್ಣದ ಪಟ್ಟಿ ಕಟ್ಟುವ ಹುಡುಗಿ ನಿಂತಿದ್ದಳು. ಪ್ರಾಣಿಗಳ ಕೊರಳಿಗೆ ಕಟ್ಟಲು ಬೇರೆ ಹಸಿರು ಪಟ್ಟಿಗಳೂ ಅವಳ ಹತ್ತಿರ ಇದ್ದವು. ಅವಳು ನಗುನಗುತ್ತ ಗಾಡಿಯ ಹಿಂದೆ ಬಂದಳು. ನಗು ಅಲ್ಲೇ ನಿಂತಿತು.

"ಕಾಕಾ, ನಾವು ನಾಯಿ ಅಂತ ತಿಳಕೊಂಡಿದ್ವಿ."

"ನಾಯಿ ಮನಿ ಕಾಯಾಕ ಬಿಟ್ಟ ಬಂದೀವಿ" ಎಂದರು ನನ್ನ ಗಂಡ, ಅವಳಿಗೆ ಸಮಾಧಾನವಾಗಲಿ ಎಂಬಂತೆ.

ಹುಡುಗಿ ಯಾರಿಗೋ ಫೋನು ಮಾಡಿ ಮರಾಠಿಯಲ್ಲಿ ಎಮ್ಮೆ ಬಂದಿದೆ ಎಂದಳು. ಆ ಕಡೆಯವರಿಗೆ ನಂಬಿಕೆ ಬರಲಿಲ್ಲ ಎಂದು ಕಾಣುತ್ತದೆ. "ಹೋ, ಖರೀಖುರೀ ಮ್ಹೈಸ್" ಎಂದು ನಿಜವಾದ ಎಮ್ಮೆಯೇ ಎಂಬುದನ್ನು ಎರಡು ಸಲ ಒತ್ತಿ ಹೇಳಬೇಕಾಯಿತು. ಅತ್ತೆ ಅಷ್ಟರಲ್ಲಿ ಗಾಡಿಯಿಂದ ಇಳಿದು ಅವಳ ಹತ್ತಿರ ಹೋದರು. "ತಂಗಿ, ನಾಳೆ ಮುಂಜಾನೆ ಹಾಡೂದ ಕೇಳಾಕ ಬಂದೀನಿ. ಇದನ ಬಿಟ್ಟ ಬರಾಕ ಬರೂದಿಲ್ಲ, ಅದಕ್ಕ ತಂದೀನಿ. ನೀವು ಬ್ಯಾಡ ಅಂದ್ರ ಹೊಳ್ಳಿ ಹೊಕ್ಕೀವಿ" ಅಂದರು. ಕಾನೂನು ಓದಿ ಹೇಳಲು ಬಾಯಿ ತೆರೆದಿದ್ದ ನನ್ನ ಗಂಡ ಎಮ್ಮೆಯ ಹಗ್ಗ ಬಿಗಿ ಹಿಡಿದರು. ಹುಡುಗಿ ಫೋನು ಕೆಳಗಿಳಿಸಿದಳು. ಆಮೇಲೆ ಹಸಿರು ಪಟ್ಟಿ ಎಮ್ಮೆಯ ಕೊರಳಿಗೆ ಸಾಲದೆಂದು ಕೋಡಿಗೆ ಕಟ್ಟಿದಳು.

ಡೇರೆಗಳ ಸಾಲು ಮುಗಿಯುವಲ್ಲಿ, ಬಾವಿಯ ಪಕ್ಕದ ಹುಣಸೆ ಮರದ ಕೆಳಗೆ ನಮ್ಮ ಎಮ್ಮೆಗೆ ಜಾಗ ಸಿಕ್ಕಿತು. ನಮಗೆ ಸಿಕ್ಕ ಡೇರೆಯನ್ನು ಅತ್ತೆ ಬಗ್ಗಿ ನೋಡಿ, "ಇದರಾಗ ನಿಂತ ಸೀರಿ ಉಡಾಕ ಆಗೂದಿಲ್ಲ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಸುತ್ತಲಿನ ಡೇರೆಗಳಲ್ಲಿ ಪುಣೆಯ ಕಡೆಯ ಜನರೇ ಹೆಚ್ಚು. ಅವರು ನಾಯಿಗಳನ್ನು ತಂದಿದ್ದರು, ಆ ನಾಯಿಗಳಿಗೆ ಹಾಸಿಗೆ ತಂದಿದ್ದರು. ಅದರಲ್ಲೊಂದು ಬಂದು ನಮ್ಮ ಎಮ್ಮೆಗೆ ಬೊಗಳಿತು. ಎಮ್ಮೆ ತಲೆ ಎತ್ತಿ ನೋಡಿತು ಅಷ್ಟೇ, ನಾಯಿ ಹೋಗಿ ಒಡತಿಯ ಕಾಲ ಸಂದಿಯಲ್ಲಿ ಕೂತಿತು.

ಸಂಜೆ ಅತ್ತೆ ಹಿಂಡುವಾಗ ಜನ ಫೋನು ಹಿಡಿದು ಬಂದರು. "ಅಲ್ಲೇ ನಿಲ್ರಿ, ಮಾತಾಡಬ್ಯಾಡ್ರಿ, ಹಾಲ ಏರಸ್ತೈತಿ" ಎಂದು, ಎಮ್ಮೆ ಬೆದರಿ ಹಾಲು ತಡೆದುಕೊಂಡೀತೆಂದು ಅತ್ತೆ ಕೈ ಅಡ್ಡ ಹಿಡಿದರು. ಎಲ್ಲರೂ ಶಾಲೆಯ ಮಕ್ಕಳಂತೆ ದೂರ ನಿಂತರು. ಆ ಹಾಲು ಚಹಾದ ಅಂಗಡಿಗೆ ಹೋಯಿತು. ಒಂದು ತಾಸಿನಲ್ಲಿ ಎಮ್ಮೆಯ ಹಾಲಿನ ಚಹಾ ಎಂದು ಸಾಲು ನಿಂತಿತು, ನನ್ನ ಗಂಡ ತಾವೇ ಹಾಲು ಕೊಟ್ಟವರಂತೆ ಸಾಲಿನ ಪಕ್ಕ ಓಡಾಡಿದರು. ಬಾಗಿಲಲ್ಲಿ ನಾಚಿಕೊಂಡಿದ್ದ ಮಗಳು ಈಗ ಎಮ್ಮೆಯ ಜತೆ ಫೋಟೋ ಬೇಕಾದವರನ್ನು ಒಬ್ಬೊಬ್ಬರಾಗಿ ಕಳಿಸುತ್ತಿದ್ದಳು. ಡ್ರಮ್ಮಿನ ತಂಡ ಶುರುವಾದಾಗ ಎಮ್ಮೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. "ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತಲ್ಲ" ಎಂದು ಗಂಡ ನಕ್ಕರೆ, ಅತ್ತೆ ಹಿಂಡಿ ಕಲಸುತ್ತ, "ಕೋಣನ ಮಾತ ಬ್ಯಾರೆ. ಇದಕ್ಕ ಕಿವಿ ಐತಿ" ಅಂದರು.

ಮರುದಿನ ನಸುಕಿನ ನಾಲ್ಕೂವರೆಗೆ ಅತ್ತೆ ಬಕೀಟು ಹಿಡಿದು ಎಮ್ಮೆಯ ಹತ್ತಿರ ಹೋದರು, ಮೊದಲೇ ಹಿಂಡಿಬಿಟ್ಟರೆ ನಿಶ್ಚಿಂತೆಯಿಂದ ಕೂರಬಹುದೆಂದು. ಎಮ್ಮೆ ಒದೆಯಲೂ ಇಲ್ಲ, ಹಾಲು ಇಳಿಸಲೂ ಇಲ್ಲ. "ಇದರ ಹೊತ್ತ ಇನ್ನೂ ಆಗಿಲ್ಲ" ಎಂದು ಬರಿಗೈಯಲ್ಲಿ ಬಂದರು. ಮುಖ ಸಣ್ಣದಾಗಿತ್ತು. ಐದಕ್ಕೆ ಹಾಡು, ಐದೂವರೆಗೆ ಹಾಲು. ಎಪ್ಪತ್ತು ಎಂಬತ್ತು ಕಿಲೋಮೀಟರು ಬಂದರೂ ಅದೇ ಕಥೆ ಆಗುವುದಿತ್ತು.

ದೊಡ್ಡ ಆಲದ ಮರದ ಕೆಳಗೆ ಚಾಪೆ ಹಾಸಿದ್ದರು. ಅತ್ತೆಯನ್ನು ಮುಂದಿನ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ, ನಾನು ಪಕ್ಕದಲ್ಲಿ ಕೂತೆ. ಗಂಡ, ಮಗಳು ಇಬ್ಬರೂ ಡೇರೆಯಲ್ಲಿ ಗೊರಕೆಯಲ್ಲಿದ್ದರು. ಗಾಯಕಿ ಬಂದರು. ಸಣ್ಣ ಜೀವ, ಶಾಲು, ಸ್ವೆಟರು, ಇಬ್ಬರು ಹಿಡಿದು ವೇದಿಕೆ ಹತ್ತಿಸಬೇಕಾಯಿತು. ಅತ್ತೆ ನನ್ನ ಕಿವಿಯಲ್ಲಿ, "ಇಷ್ಟ ಸಣ್ಣಾಕಿ ಅದಾಳಲ್ಲ" ಅಂದರು. ಎರಡು ತಂಬೂರಿಗಳ ನಡುವೆ ಆಕೆ ಮೊದಲ ಸ್ವರ ಹಿಡಿದಾಗ ಅತ್ತೆಯ ಬೆನ್ನು ನೆಟ್ಟಗಾಯಿತು. ನನಗೆ ಸಂಗೀತ ಅಷ್ಟಾಗಿ ತಿಳಿಯದು. ನಾನು ಅತ್ತೆಯನ್ನೇ ನೋಡುತ್ತ ಕೂತೆ. ಅವರು ಬಾಯಿ ಸ್ವಲ್ಪ ತೆರೆದುಕೊಂಡು, ರೆಪ್ಪೆ ಬಡಿಯದೆ, ಆ ಮುಖವನ್ನು ನೋಡುತ್ತಿದ್ದರು.

ಅರ್ಧ ತಾಸು ಕಳೆದಿರಬೇಕು. ಹಾಡು ಇನ್ನೂ ನಿಧಾನದಲ್ಲೇ ಇತ್ತು. ಮರಗಳ ಆಚೆಯಿಂದ ನಮ್ಮ ಎಮ್ಮೆ ಒದರಿತು.

ಹಿಂದೆ ಯಾರೋ ಕಿಸಕ್ಕೆಂದರು. ಗಾಯಕಿ ಕಣ್ಣು ತೆರೆಯದೆ ಮುಗುಳ್ನಕ್ಕು ಮುಂದುವರಿದರು. ಎಮ್ಮೆ ಮತ್ತೆ ಒದರಿತು, ಈ ಸಲ ಇನ್ನೂ ಉದ್ದ. ಅತ್ತೆ ಒಂದು ಕೈ ನೆಲಕ್ಕೆ ಊರಿ ಅರ್ಧ ಎದ್ದರು. ನಾನು ಅವರ ಸೆರಗು ಹಿಡಿದು ಎಳೆದು, "ನೀವು ಕುಂಡ್ರಿ, ನಾ ಹೊಕ್ಕೀನಿ. ಒದ್ರ ಒದೀಲಿ" ಎಂದು ಪಿಸುಗುಟ್ಟಿದೆ.

ಅತ್ತೆ ನನ್ನನ್ನು ನೋಡಿದರು. ವೇದಿಕೆಯ ಕಡೆ ನೋಡಿದರು. ಮತ್ತೆ ನನ್ನನ್ನು ನೋಡಿದರು. ಆ ನೋಟದಲ್ಲಿ ಏನೋ ಕಳ್ಳತನ ಇತ್ತು, ನಕಲು ಮಾಡಿ ಸಿಕ್ಕಿಬಿದ್ದ ಹುಡುಗಿಯರಲ್ಲಿ ನಾನು ಕಾಣುವಂಥದು. ಕಡೆಗೆ ಕೆಳಗೆ ಕೂತು, ದನಿ ತಗ್ಗಿಸಿ ಹೇಳಿದರು: "ಒದಿಯೂದಿಲ್ಲ. ಮದಲ ಕರ ಬಿಡು, ನಾಕ ಗುಟುಕ ಕುಡೀಲಿ. ಆಮ್ಯಾಲ ಎಡಕ್ಕ ಕುಂಡ್ರು. ಕೊಡ್ತೈತಿ."

"ನನ್ನ ಕೈಗೆ?"

"ಯಾರ ಕೈಗಾದ್ರೂ ಕೊಡ್ತೈತಿ" ಎಂದು ಹೇಳಿ ಅತ್ತೆ ಗಾಯಕಿಯ ಕಡೆ ತಿರುಗಿಬಿಟ್ಟರು.

ನಾನು ಬಕೀಟು ಹಿಡಿದು ಹುಣಸೆ ಮರದ ಕಡೆ ನಡೆದೆ. ಕರು ಬಿಟ್ಟೆ, ನಾಲ್ಕು ಗುಟುಕು ಕುಡಿಸಿ ಎಳೆದು ತಾಯಿಯ ಮುಂದೆ ಕಟ್ಟಿದೆ, ಎಡಕ್ಕೆ ಕೂತೆ. ಎಮ್ಮೆ ಮೂಸಿ ನೋಡಿತು, ನಿಂತಿತು, ಕೊಟ್ಟಿತು. ನನ್ನ ಒರಟು ಕೈಗೆ ಬೇಸರಿಸದೆ ಚರ್ ಚರ್ ಎಂದು ಹಾಲು ಬಿತ್ತು. ಆಗ ನನಗೆ ಲೆಕ್ಕ ಹತ್ತಿತು. ಅವತ್ತು ನನ್ನನ್ನು ಒದ್ದದ್ದು ಈ ಎಮ್ಮೆಯೇ ಅಲ್ಲ, ಇದರ ಅಜ್ಜಿ. ಅಜ್ಜಿ ಹೋಗಿ, ತಾಯಿ ಹೋಗಿ, ಮೊಮ್ಮಗಳು ಬಂದಿತ್ತು. ಒದ್ದ ಹೆಸರು ಮಾತ್ರ ಮನೆತನದ ಹೆಸರಿನಂತೆ ಇಳಿದು ಬಂದಿತ್ತು. ಇದರ ಹತ್ತಿರ ಯಾರೂ ಕೂತು ನೋಡಿಯೇ ಇರಲಿಲ್ಲ. ಅತ್ತೆಗೆ ಎಲ್ಲ ಗೊತ್ತಿತ್ತು.

ನನಗೆ ಮೈಯೆಲ್ಲ ಉರಿಯಿತು. ಹದಿನಾರು ವರ್ಷ ಇವರಿಗೆ ಬಿಡುವಿಲ್ಲವಲ್ಲ ಎಂದು ಮರುಗಿದವಳು ನಾನು, ಎಮ್ಮೆಯನ್ನು ಗಾಡಿ ಹತ್ತಿಸಿ ಮೂರು ತಾಲೂಕು ದಾಟಿಸಿ ನಗೆಪಾಟಲಾದವಳು ನಾನು. ಹಿಂಡುತ್ತ ಹಿಂಡುತ್ತ ಅತ್ತೆಗೆ ಕೇಳಬೇಕಾದ ಮಾತುಗಳನ್ನು ಒಂದೊಂದಾಗಿ ಹೊಂದಿಸಿಟ್ಟೆ. ಹಿಂಡುವುದು ಮುಗಿಯಿತು. ಕರು ಬಿಚ್ಚಿದೆ, ಅದು ಉಳಿದದ್ದನ್ನು ಕುಡಿಯಲು ಓಡಿತು.

ಅಷ್ಟರಲ್ಲಿ ಡೇರೆಯ ಕಡೆಯಿಂದ ಮಗಳು, "ಮಮ್ಮೀ, ನನ್ನ ಬ್ರಷ್ ಎಲ್ಲೈತಿ?" ಎಂದು ಕೂಗುತ್ತ ಬಂದಳು. ಅವಳ ಹಿಂದೆಯೇ ಗಂಡ, "ಏ, ನನ್ನ ಚಾಳೀಸು ಎಲ್ಲಿಟ್ಟಿ?" ಎನ್ನುತ್ತ, ಕನ್ನಡಕವಿಲ್ಲದ ಕಣ್ಣು ಕಿರಿದುಮಾಡಿಕೊಂಡು ಹೊರಬಂದರು. ಎಮ್ಮೆಯ ಹೊಟ್ಟೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ ನನ್ನನ್ನು ನೋಡಿದವರೇ ಗಂಡ ಮಗಳ ಭುಜ ಹಿಡಿದು ನಿಲ್ಲಿಸಿದರು. "ಶ್. ಎಮ್ಮಿ ಹಿಂಡಾಕತ್ತಾಳ. ಈಗ ಕರೀಬಾರ್ದು." ಇಬ್ಬರೂ ಬೆಕ್ಕಿನ ಹೆಜ್ಜೆ ಇಟ್ಟು ವಾಪಸು ಹೋದರು.

ನಾನು ಏಳಲು ಹೊರಟವಳು ಏಳಲಿಲ್ಲ. ನನ್ನನ್ನು ಕರೆಯಬಾರದು ಎಂದು ಯಾರಾದರೂ ಯಾರಿಗಾದರೂ ಹೇಳಿದ್ದನ್ನು ನಾನು ಕೇಳಿದ್ದೇ ಇಲ್ಲ. ಜಳಕಕ್ಕೆ ಹೋದರೆ ಬಾಗಿಲು ಬಡಿಯುತ್ತಾರೆ, ಜ್ವರ ಬಂದು ಮಲಗಿದರೆ ಸಾಸಿವೆ ಡಬ್ಬಿ ಎಲ್ಲಿ ಎಂದು ಎಬ್ಬಿಸುತ್ತಾರೆ. ಅತ್ತೆಯನ್ನು ನಾನೇ ದಿನಕ್ಕೆ ಎಷ್ಟು ಸಲ ಕೂಗುತ್ತೇನೋ. ಬೆಳಿಗ್ಗೆ ಐದೂವರೆಯಿಂದ ಆರೂವರೆತನಕ ಮಾತ್ರ ಕೂಗುವುದಿಲ್ಲ. ಒಲೆ, ಬೀಗದ ಕೈ, ಕಪಾಟು ಎಲ್ಲವನ್ನೂ ನನ್ನ ಕೈಗೆ ಒಪ್ಪಿಸಿದ ಹೆಂಗಸು ಆ ಒಂದು ತಾಸನ್ನು ಯಾಕೆ ಯಾರಿಗೂ ಕೊಟ್ಟಿರಲಿಲ್ಲ ಎಂದು ಅಲ್ಲಿ ಕೂತಾಗ ತಿಳಿಯಿತು. ಹೊಂದಿಸಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ. ಎಮ್ಮೆಯ ಪಕ್ಕೆಗೆ ತಲೆ ಆನಿಸಿ ಕೂತೆ. ಅದರ ಮೈ ಬೆಚ್ಚಗಿತ್ತು. ಹಾಡು ಮರಗಳ ನಡುವಿನಿಂದ ಬರುತ್ತಿತ್ತು, ಈಗ ಅದು ಜೋರು ಹಿಡಿದು ಏರುತ್ತಿತ್ತು. ರಾಗ ಯಾವುದೋ ನನಗೂ ಗೊತ್ತಾಗಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವ ಅವಸರ ಇರಲಿಲ್ಲ.

ಚಪ್ಪಾಳೆ ಕೇಳಿಸಿ, ಜನ ಚಾಪೆ ಬಿಟ್ಟು ಏಳುವ ಹೊತ್ತಿಗೆ ನಾನು ಬಕೀಟು ತೆಗೆದುಕೊಂಡು ಹೋದೆ. ಬಿಸಿಲು ಆಲದ ಎಲೆಗಳ ಮೇಲೆ ಬಂದಿತ್ತು. ಅತ್ತೆ ಮುಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದರು.

"ಪೂರಾ ಕೇಳಿದ್ರಿ?" ಎಂದೆ.

"ಪೂರಾ. ಕಡೀಕ ಕೈ ಮುಗದಳು, ಅದನೂ ನೋಡಿದೆ" ಅಂದರು. ಅವರ ಕೆನ್ನೆ ಇನ್ನೂ ಒದ್ದೆ ಇತ್ತು. ಆಮೇಲೆ ನನ್ನ ಕಡೆ ಪೂರ್ತಿ ನೋಡದೆ, "ಭಾಳ ಹೊತ್ತ ಹಿಡೀತಲ್ಲ" ಎಂದರು.

"ಹೂಂ ರೀ. ಹೊಸಾ ಕೈ ಅಲ್ಲೇನ್ರಿ, ಲಗೂ ಕೊಡಲಿಲ್ಲ."

ಅತ್ತೆ ಬಕೀಟಿನೊಳಗೆ ಬಗ್ಗಿ ನೋಡಿದರು. ಆಗಷ್ಟೇ ಹಿಂಡಿದ ಹಾಲಿನ ಮೇಲೆ ಬೆರಳುದ್ದ ನೊರೆ ಇರುತ್ತದೆ. ನನ್ನ ಬಕೀಟಿನ ಹಾಲಿನ ಮೇಲೆ ನೊರೆ ಪೂರ್ತಿ ಇಳಿದು, ಹುಣಸೆಯ ಸಣ್ಣ ಎಲೆಯೊಂದು ತೇಲುತ್ತಿತ್ತು. ಅತ್ತೆ ಆ ಎಲೆಯನ್ನು ಬೆರಳಿನಿಂದ ತೆಗೆದು ಹಾಕಿದರು. ಸೆರಗನ್ನು ಬಾಯಿಗೆ ಹಿಡಿದುಕೊಂಡು ಭುಜ ಕುಣಿಸಿ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ. ದೂರದಲ್ಲಿ ನನ್ನ ಗಂಡ ಚಾಳೀಸು ಹುಡುಕುತ್ತ ಡೇರೆಯ ಸುತ್ತ ತಿರುಗುತ್ತಿದ್ದರು.

"ಊರಿಗೆ ಹೋದ ಮ್ಯಾಲ ಒಂದ ದಿನ ನೀ, ಒಂದ ದಿನ ನಾ" ಎಂದರು ಅತ್ತೆ, ಮಗನ ಕಡೆ ಒಂದು ಕಣ್ಣಿಟ್ಟು. "ಯಾರಾದ್ರೂ ಕೇಳಿದ್ರ, ನಮ್ಮಿಬ್ಬರ ಕೈ ಬಿಟ್ಟ ಬ್ಯಾರೆ ಯಾರ ಕೈಗೂ ಕೊಡೂದಿಲ್ಲ ಅಂತ ಹೇಳೂದು."